ಬೆಂಬಲ ಬೆಲೆ ಯಾರ ಬೆನ್ನಿಗೆ? ಸನ್‌ಫ್ಲವರ್ ಕೌಂಟಿ ಹೇಳುವ ಕಹಿ ಸತ್ಯ

'ರೈತ' ಎಂಬ ಎರಡಕ್ಷರಕ್ಕಿರುವಷ್ಟು ಗೌರವ ರಾಜಕೀಯದ ನಿಘಂಟಿನಲ್ಲಿ ಬೇರೆ ಪದಕ್ಕಿಲ್ಲ. ಅವನ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಲಾಗುತ್ತದೆ, ಅವನ ಹೆಸರಿನಲ್ಲಿ ಬಜೆಟ್ ಮಂಡಿಸಲಾಗುತ್ತದೆ, ಅವನ ಹೆಸರಿನಲ್ಲಿಯೇ ಖಜಾನೆಯ ಬಾಗಿಲು ತೆರೆಯಲಾಗುತ್ತದೆ. ಆದರೆ ಆ ಬಾಗಿಲಿನಿಂದ ಹೊರಬಿದ್ದ ಹಣ ಯಾರ ಮನೆ ಸೇರಿತು ಎಂದು ಕೇಳುವವರು ವಿರಳ. ರೈತನೆಂದರೆ ಯಾರು? ಭೂಮಿಯ ದಾಖಲೆಯಲ್ಲಿ ಹೆಸರಿರುವವನೇ ಅಥವಾ ಆ ಭೂಮಿಯಲ್ಲಿ ಬೆವರು ಸುರಿಸುವವನೇ? ಈ ಪ್ರಶ್ನೆಗೆ ಉತ್ತರಿಸದೆ ಹಂಚುವ ಪ್ರತಿಯೊಂದು ಸಹಾಯಧನವೂ ಇರುವವನಿಗೆ ಇನ್ನಷ್ಟು ಕೊಡುತ್ತದೆ, ಇಲ್ಲದವನ ಕೈಯಲ್ಲಿರುವುದನ್ನೂ ಕಿತ್ತುಕೊಳ್ಳುತ್ತದೆ. ಇದು ಉತ್ಪ್ರೇಕ್ಷೆಯ ಮಾತಲ್ಲ. ಜಗತ್ತಿಗೆ ಮುಕ್ತ ಮಾರುಕಟ್ಟೆಯ ಪಾಠ ಹೇಳುವ ಅಮೇರಿಕದಲ್ಲಿ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ ನಡೆದು ಬಂದ ಸತ್ಯ. ಅದನ್ನು ಕಣ್ಣಾರೆ ಕಾಣಬೇಕಾದರೆ ಒಂದೇ ಒಂದು ಕೌಂಟಿಯ ಚರಿತ್ರೆಯನ್ನು ಓದಿದರೆ ಸಾಕು.

ಕೌಂಟಿ ಎಂದರೆ ನಮ್ಮ ತಾಲೂಕು-ಜಿಲ್ಲೆಗಳಿಗೆ ಹೋಲಿಸಬಹುದಾದ ಅಲ್ಲಿನ ಆಡಳಿತ ವಿಭಾಗ. ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ಮೆಕ್ಕಲು ಮಣ್ಣಿನ ಬಯಲಿನಲ್ಲಿ ಸನ್‌ಫ್ಲವರ್ ಕೌಂಟಿ ಇದೆ. ಇಂಡಿಯನೋಲ ಅದರ ಆಡಳಿತ ಕೇಂದ್ರ. ಕಪ್ಪು ವರ್ಣೀಯರೇ ಬಹುಸಂಖ್ಯಾತರಾಗಿರುವ ಈ ಕೌಂಟಿಯ ಮಣ್ಣು ಫಲವತ್ತತೆಗೆ ಹೆಸರಾದುದು. ಆದರೆ ಆ ಮಣ್ಣಿನ ಮೇಲಿರುವ ಜನರಲ್ಲಿ ಹತ್ತರಲ್ಲಿ ಸುಮಾರು ಮೂವರು ಇಂದಿಗೂ ಬಡವರು. 1930ರಲ್ಲಿ 66 ಸಾವಿರದಷ್ಟಿದ್ದ ಜನಸಂಖ್ಯೆ 2020ರ ಹೊತ್ತಿಗೆ ಸುಮಾರು 26 ಸಾವಿರಕ್ಕೆ ಇಳಿಯಿತು. ಭೂಮಿ ಎಲ್ಲಿಗೂ ಹೋಗಲಿಲ್ಲ, ಹೋದದ್ದು ಜನ. ಅವರು ಹೋಗಲು ಬರ, ಪ್ರವಾಹಗಳಷ್ಟೇ ಕಾರಣವಲ್ಲ. ಸರಕಾರದ ಚೆಕ್ಕೂ ಒಂದು ಕಾರಣವಾಗಿತ್ತು.

ನಾಲ್ಕು ಸೆಂಟ್ ಒಡೆಯನಿಗೆ, ಅರ್ಧ ಸೆಂಟ್ ಒಕ್ಕಲಿಗೆ

1933. ಆರ್ಥಿಕ ಮಹಾಕುಸಿತದಿಂದ ಹತ್ತಿಯ ಬೆಲೆ ನೆಲ ಕಚ್ಚಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆ ವರ್ಷದ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಕಾಯ್ದೆಗೆ ಸಹಿ ಹಾಕಿದರು. ಬೆಳೆ ಕಡಿಮೆ ಮಾಡಿದರೆ ಬೆಲೆ ಏರುತ್ತದೆ, ಕಡಿಮೆ ಮಾಡಿದವನಿಗೆ ಸರಕಾರ ಪರಿಹಾರ ಕೊಡುತ್ತದೆ ಎಂಬುದು ಅದರ ತಿರುಳು. ಆ ವರ್ಷ ಸುಮಾರು ಒಂದು ಕೋಟಿ ಎಕರೆಯಲ್ಲಿ ಬೆಳೆದು ನಿಂತಿದ್ದ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಲಾಯಿತು. ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲದ ಜನರಿದ್ದ ದೇಶದಲ್ಲಿ ಹತ್ತಿಯನ್ನು ಹೂಳಿದವರಿಗೆ ಬಹುಮಾನ!

ಆ ಬಹುಮಾನವಾದರೂ ಯಾರಿಗೆ ಸಿಕ್ಕಿತು? ಡೆಲ್ಟಾ ಪ್ರದೇಶದ ಹತ್ತಿಯನ್ನು ಬೆಳೆಯುತ್ತಿದ್ದವರು ಬಹುತೇಕ ಪಾಲುಗೇಣಿಯ ಒಕ್ಕಲುಗಳು. ಭೂಮಿ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧ ಪಾಲು. ಆ ಅರ್ಧ ಪಾಲೂ ಒಡೆಯನ ಅಂಗಡಿಯ ಸಾಲಕ್ಕೆ ಜಮೆಯಾಗುತ್ತಿತ್ತು. ಸರಕಾರ ಒಪ್ಪಂದ ಮಾಡಿಕೊಂಡದ್ದು ಒಡೆಯನೊಂದಿಗೆ. 1934-35ರ ಹತ್ತಿ ಒಪ್ಪಂದದ ಪ್ರಕಾರ ಬೆಳೆಯದೆ ಬಿಟ್ಟ ಹತ್ತಿಯ ಪ್ರತಿ ಪೌಂಡಿಗೆ ಮೂರೂವರೆ ಸೆಂಟ್ ಬಾಡಿಗೆ, ಒಂದು ಸೆಂಟ್ ಬೆಲೆ ಪರಿಹಾರ. ಬಾಡಿಗೆಯೆಲ್ಲವೂ ಒಡೆಯನಿಗೆ. ಉಳಿದ ಒಂದು ಸೆಂಟಿನಲ್ಲಿ ಅರ್ಧ ಒಕ್ಕಲಿಗೆ. ಒಟ್ಟು ಲೆಕ್ಕದಲ್ಲಿ ಒಡೆಯನಿಗೆ ನಾಲ್ಕು ಸೆಂಟ್, ಬೆವರು ಸುರಿಸಿದವನಿಗೆ ಅರ್ಧ ಸೆಂಟ್. ಆ ಅರ್ಧ ಸೆಂಟ್ ಕೂಡ ಅನೇಕರ ಕೈಗೆ ತಲುಪಲಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಯೇ ಇತ್ತು. ಬೆಳೆಯುವ ಭೂಮಿ ಕಡಿಮೆಯಾದಾಗ ಒಕ್ಕಲುಗಳೂ ಕಡಿಮೆ ಸಾಕೆನಿಸಿತು. ಅವರನ್ನು ಗುಡಿಸಲಿನಿಂದ ಹೊರಹಾಕಿ ಸರಕಾರದ ಹಣದಿಂದಲೇ ಟ್ರ್ಯಾಕ್ಟರ್ ಕೊಳ್ಳಲಾಯಿತು. ಒಕ್ಕಲುಗಳ ಸಂಖ್ಯೆಯನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬ ಮಾತು ಒಪ್ಪಂದದಲ್ಲಿತ್ತು. ಆದರೆ 'ಸಾಧ್ಯವಾದಷ್ಟು' ಎಂಬ ಪದದ ಅರ್ಥವನ್ನು ನಿರ್ಧರಿಸುವವನು ಒಡೆಯನೇ ಆಗಿದ್ದ. ಆ ಷರತ್ತಿಗೆ ಜೀವ ತುಂಬಲು ಹೊರಟ ಜೆರೋಮ್ ಫ್ರಾಂಕ್ ಮತ್ತಿತರ ಕಾನೂನು ಅಧಿಕಾರಿಗಳನ್ನು 1935ರ ಫೆಬ್ರವರಿಯಲ್ಲಿ ಹುದ್ದೆಯಿಂದ ಕಿತ್ತೊಗೆಯಲಾಯಿತು. ಅದಕ್ಕೂ ಮುನ್ನ, 1934ರಲ್ಲಿ, ನೆರೆಯ ಅರ್ಕನ್ಸಾ ರಾಜ್ಯದ ಟೈರೊಂಝದಲ್ಲಿ ಬಿಳಿಯ ಮತ್ತು ಕಪ್ಪು ವರ್ಣೀಯ ಒಕ್ಕಲುಗಳು ಒಟ್ಟುಗೂಡಿ ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದ್ದರು. ಅವರಿಗೆ ಸಿಕ್ಕಿದ್ದು ಬೆದರಿಕೆ ಮತ್ತು ಲಾಠಿ. ಬಡವನಿಗಾಗಿ ರೂಪಿಸಿದ ಕಾನೂನು ಬಡವನನ್ನೇ ಬೀದಿಗೆ ತಳ್ಳುವುದೆಂದರೆ ಇದುವೇ ಅಲ್ಲವೇ?

ಒಂದೇ ಕೌಂಟಿ, ಎರಡು ಬದುಕು

ಈ ವ್ಯವಸ್ಥೆಯ ನಿಜ ಸ್ವರೂಪವನ್ನು ಸನ್‌ಫ್ಲವರ್ ಕೌಂಟಿಯ ಇಬ್ಬರ ಬದುಕು ತಿಳಿಸುತ್ತದೆ. ಒಬ್ಬರು ಜೇಮ್ಸ್ ಈಸ್ಟ್‌ಲ್ಯಾಂಡ್. ಡಾಡ್ಸ್‌ವಿಲ್‌ನಲ್ಲಿ ಐದು ಸಾವಿರ ಎಕರೆಗೂ ಮೀರಿದ ಹತ್ತಿ ತೋಟದ ಒಡೆಯ, ಮೂರು ದಶಕಗಳಿಗೂ ಹೆಚ್ಚು ಕಾಲ ಅಮೇರಿಕದ ಸೆನೆಟ್ ಸದಸ್ಯ, 1956ರಿಂದ 1978ರ ತನಕ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷ. ನಾಗರಿಕ ಹಕ್ಕುಗಳ ಮಸೂದೆಗಳನ್ನು ತನ್ನ ಸಮಿತಿಯಲ್ಲೇ ಹೂತು ಹಾಕುವುದರಲ್ಲಿ ನಿಸ್ಸೀಮ. ಇನ್ನೊಬ್ಬರು ಕೆಲವೇ ಮೈಲಿ ದೂರದ ರೂಲ್‌ವಿಲ್‌ನ ಫ್ಯಾನಿ ಲೂ ಹೇಮರ್. ಆರನೆಯ ವಯಸ್ಸಿನಿಂದ ಹತ್ತಿ ಬಿಡಿಸಿದ, ಪಾಲುಗೇಣಿಯ ಕುಟುಂಬದ ಕಪ್ಪು ವರ್ಣೀಯ ಮಹಿಳೆ.

1962ರ ಆಗಸ್ಟ್ 31ರಂದು ಹೇಮರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಕ್ಕೆ ಹೋದರು. ಅದೊಂದೇ ಅಪರಾಧ. ಹದಿನೆಂಟು ವರ್ಷ ದುಡಿದ ತೋಟದಿಂದ ಅಂದೇ ರಾತ್ರಿ ಅವರು ಹೊರಬೀಳಬೇಕಾಯಿತು. ಅದೇ ವರ್ಷದ ಚಳಿಗಾಲದಲ್ಲಿ ನೆರೆಯ ಲೆಫ್ಲೋರ್ ಕೌಂಟಿಯ ಆಡಳಿತವು ಸುಮಾರು 22 ಸಾವಿರ ಬಡವರಿಗೆ ಸಿಗುತ್ತಿದ್ದ ಸರಕಾರಿ ಆಹಾರ ಧಾನ್ಯ ವಿತರಣೆಯನ್ನು ನಿಲ್ಲಿಸಿಬಿಟ್ಟಿತು. ಮತದಾನದ ಹಕ್ಕು ಕೇಳಿದವರ ಹೊಟ್ಟೆಗೆ ಹೊಡೆಯುವುದೇ ಅದರ ಉದ್ದೇಶವಾಗಿತ್ತು.

ಆದರೆ ಒಡೆಯರ ಚೆಕ್ ಒಂದು ದಿನವೂ ನಿಲ್ಲಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಈಸ್ಟ್‌ಲ್ಯಾಂಡ್‌ರ ತೋಟಕ್ಕೆ ಹತ್ತಿಯ ಹೆಸರಿನಲ್ಲಿ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಮಿಕ್ಕಿ ಸರಕಾರಿ ಹಣ ಸಂದಾಯವಾಗುತ್ತಿತ್ತು. ಅದರಲ್ಲಿ ಬೆಳೆಯದೆ ಬಿಟ್ಟ ಹತ್ತಿಯ ಹಣವೂ ಸೇರಿತ್ತು. 1965ರಲ್ಲಿ ನೆರೆಯ ಶಾ ಪಟ್ಟಣದ ಕೂಲಿಗಳು ಮುಷ್ಕರ ಹೂಡಿದಾಗ ಅವರ ದಿನಗೂಲಿ ಮೂರು ಡಾಲರ್. ಅದೂ ಬೆಳಗಿನಿಂದ ಸಂಜೆಯ ತನಕ ಬಿಸಿಲಿನಲ್ಲಿ ಕಳೆ ಕಿತ್ತುದಕ್ಕೆ. ಸೆನೆಟರ್ ಬೆಳೆಯದಿದ್ದುದಕ್ಕೂ ಪಡೆದ ಆ ಒಂದು ವರ್ಷದ ಹಣವನ್ನು ಸಂಪಾದಿಸಲು ಕೂಲಿಯೊಬ್ಬ ಒಂದು ದಿನವೂ ವಿರಮಿಸದೆ 91 ವರ್ಷ ದುಡಿಯಬೇಕಿತ್ತು! ಆದರೂ ಬಡವನಿಗೆ ಸಿಗುವ ಹಿಡಿ ಧಾನ್ಯಕ್ಕೆ 'ಭಿಕ್ಷೆ' ಎಂದೂ ಒಡೆಯನಿಗೆ ಸಿಗುವ ಲಕ್ಷಕ್ಕೆ 'ಬೆಂಬಲ' ಎಂದೂ ಹೆಸರಿಡಲಾಯಿತು. ಪದಗಳೂ ಶ್ರೀಮಂತರ ಕೂಲಿ ಮಾಡುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೇಮರ್ ಅಳುತ್ತಾ ಕೂರಲಿಲ್ಲ. 1969ರಲ್ಲಿ 40 ಎಕರೆ ಭೂಮಿಯೊಂದಿಗೆ 'ಫ್ರೀಡಮ್ ಫಾರ್ಮ್' ಎಂಬ ಸಹಕಾರಿ ಕೃಷಿ ಸಂಘವನ್ನು ಆರಂಭಿಸಿದರು. ತೋಟಗಳಿಂದ ಹೊರದಬ್ಬಲ್ಪಟ್ಟವರು ತಾವೇ ತರಕಾರಿ, ಧಾನ್ಯ ಬೆಳೆದು ಹಂಚಿಕೊಂಡರು. ಅದು ನೂರಾರು ಎಕರೆಗೆ ಬೆಳೆಯಿತು. ಆದರೆ ಪ್ರವಾಹ, ಬರ ಮತ್ತು ಸಾಲಗಳ ಹೊಡೆತಕ್ಕೆ ಸಿಲುಕಿ 1970ರ ದಶಕದ ನಡುವಿನಲ್ಲಿ ಮುಚ್ಚಿಹೋಯಿತು. ಹೇಮರ್ 1977ರ ಮಾರ್ಚ್‌ನಲ್ಲಿ ತೀರಿಕೊಂಡರು. ಬೆಳೆಯದವನನ್ನು ಸಾಕಲು ಹಣವಿದ್ದ ಸರಕಾರದ ಬಳಿ, ಬೆಳೆದು ಉಣಿಸಿದವರನ್ನು ಉಳಿಸಲು ಹಣವಿರಲಿಲ್ಲ.

ಸಹಾಯಧನ, ಸಾಲ, ಬಿತ್ತನೆಯ ಹಂಚಿಕೆಗಳನ್ನು ತೀರ್ಮಾನಿಸುತ್ತಿದ್ದುದು ಆಯಾ ಕೌಂಟಿಯ ರೈತ ಸಮಿತಿ. ಕೇಳಲು ಬಹಳ ಪ್ರಜಾಸತ್ತಾತ್ಮಕ! ಆದರೆ ದಕ್ಷಿಣದಲ್ಲಿ ಆ ಸಮಿತಿಗಳು ಬಿಳಿಯ ಭೂಮಾಲಕರ ಕೂಟಗಳಾಗಿದ್ದವು. ಕೃಷಿ ಯೋಜನೆಗಳಲ್ಲಿನ ವರ್ಣಭೇದವನ್ನು ಅಮೇರಿಕದ ನಾಗರಿಕ ಹಕ್ಕುಗಳ ಆಯೋಗವೇ 1965ರಲ್ಲಿ ಬಯಲಿಗೆಳೆಯಿತು. ಆದರೂ ಪರಿಹಾರದ ದಾರಿ ತೆರೆಯಲು 1999ರ ಪಿಗ್‌ಫೋರ್ಡ್ ಮೊಕದ್ದಮೆಯ ರಾಜಿ ಒಪ್ಪಂದದ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಹೊಲ ಕಳೆದುಕೊಳ್ಳಬೇಕಾದವರೆಲ್ಲ ಕಳೆದುಕೊಂಡಾಗಿತ್ತು. 1920ರಲ್ಲಿ ಅಮೇರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಕಪ್ಪು ವರ್ಣೀಯ ರೈತರಿದ್ದರು. 2022ರ ಕೃಷಿ ಗಣತಿಯಲ್ಲಿ ಅವರ ಸಂಖ್ಯೆ 50 ಸಾವಿರಕ್ಕೂ ಕಡಿಮೆ.

ಹೆಸರು ಬದಲಾಯಿತು, ನೀತಿ ಬದಲಾಗಲಿಲ್ಲ

ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಹಳೆಯದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಹಣಕ್ಕೆ ಮೊದಲ ಬಾರಿ ಮಿತಿ ಹಾಕಿದ್ದು 1970ರ ಕಾಯ್ದೆ: ಒಬ್ಬನಿಗೆ ಒಂದು ಬೆಳೆಗೆ 55 ಸಾವಿರ ಡಾಲರ್. ಮಿತಿ ಬಂದೊಡನೆ ಅದನ್ನು ದಾಟುವ ಜಾಣ್ಮೆಯೂ ಬಂತು. ಒಂದೇ ತೋಟವನ್ನು ಕಾಗದದ ಮೇಲೆ ಹತ್ತಾರು ಪಾಲುದಾರಿಕೆಗಳಾಗಿ ಒಡೆದು ಪ್ರತಿಯೊಂದರ ಹೆಸರಿನಲ್ಲೂ ಚೆಕ್ ಪಡೆಯುವ ಈ ತಂತ್ರಕ್ಕೆ ಅಮೇರಿಕನ್ನರೇ 'ಮಿಸಿಸಿಪ್ಪಿ ಕ್ರಿಸ್ಮಸ್ ಮರ' ಎಂದು ಹೆಸರಿಟ್ಟರು. ಕೊಂಬೆಗೊಂದು ಉಡುಗೊರೆ!

1996ರಿಂದ 2013ರ ವರೆಗಂತೂ ಹಿಂದೆ ಬೆಳೆ ತೆಗೆದ ಭೂಮಿಯೆಂಬ ದಾಖಲೆಯೊಂದಿದ್ದರೆ ಸಾಕು, ಈಗ ಬೆಳೆದರೂ ಬೆಳೆಯದಿದ್ದರೂ ಹಣ ಸಿಗುತ್ತಿತ್ತು. 2000ದಿಂದ ಆರು ವರ್ಷಗಳಲ್ಲಿ ಕೃಷಿಯನ್ನೇ ಮಾಡದವರಿಗೆ 130 ಕೋಟಿ ಡಾಲರ್ ಸಂದಿದೆ ಎಂದು 2006ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಬಯಲು ಮಾಡಿತು. 2014ರ ಕಾಯ್ದೆ ಆ ನೇರ ಪಾವತಿಯನ್ನು ನಿಲ್ಲಿಸಿತೇನೋ ನಿಜ. ಆದರೆ ಅದರ ಜಾಗಕ್ಕೆ ಬಂದ ಬೆಲೆ ನಷ್ಟ ಯೋಜನೆಯಲ್ಲೂ ಹಣ ಅಳೆಯುವ ಮಾಪನ ಆ ಹಳೆಯ ದಾಖಲೆಯ ಎಕರೆಯೇ. ಚೀನಾದೊಂದಿಗೆ ಡೊನಾಲ್ಡ್ ಟ್ರಂಪ್ ಹೂಡಿದ ಸುಂಕ ಸಮರದ ನಷ್ಟ ತುಂಬಲು 2018 ಮತ್ತು 2019ರ ಬೆಳೆಗಳಿಗೆ ಸುಮಾರು 2,300 ಕೋಟಿ ಡಾಲರ್ ಹಂಚಲಾಯಿತು. 2019ರಲ್ಲಿ ಪ್ರತಿ ಕೌಂಟಿಗೆ ಒಂದು ದರ ನಿಗದಿಯಾಯಿತು: ಎಕರೆಗೆ 15ರಿಂದ 150 ಡಾಲರ್. ಯಾರ ಬಳಿ ಎಕರೆ ಹೆಚ್ಚೋ ಅವರಿಗೆ ಹಣ ಹೆಚ್ಚು. ಎಕರೆಯೇ ಇಲ್ಲದ ಕೂಲಿಗೆ ಸೊನ್ನೆ.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಈ ಅನ್ಯಾಯದ ಮುಖವಾಡವನ್ನೇ ಕಳಚಿತು. ಬೀಜ ಸಹಿತ ಹತ್ತಿಯ ಆಧಾರ ಬೆಲೆ ಪೌಂಡಿಗೆ 36.7 ಸೆಂಟ್‌ನಿಂದ 42 ಸೆಂಟ್‌ಗೆ ಏರಿತು. ಒಬ್ಬನಿಗೆ ಸಿಗಬಹುದಾದ ಹಣದ ಮಿತಿ 1,25,000 ಡಾಲರಿನಿಂದ 1,55,000ಕ್ಕೆ ಏರಿತು. ಅದೇ ಕಾನೂನಿನ ಮತ್ತೊಂದು ಪುಟದಲ್ಲಿ ಬಡವರ ಆಹಾರ ನೆರವಿನಿಂದ ಹತ್ತು ವರ್ಷಗಳಲ್ಲಿ ಸುಮಾರು 18,600 ಕೋಟಿ ಡಾಲರ್ ಕಡಿತಗೊಳಿಸಲಾಯಿತು. ಒಂದೇ ಸಹಿಯಿಂದ ತೋಟದ ಒಡೆಯನ ತಟ್ಟೆಗೆ ಇನ್ನೊಂದು ತುತ್ತು, ಹಸಿದವನ ತಟ್ಟೆಯಿಂದ ಇದ್ದ ತುತ್ತೂ ಮಾಯ. 1962ರಲ್ಲಿ ಲೆಫ್ಲೋರ್ ಕೌಂಟಿ ಮಾಡಿದ್ದನ್ನು ಅರುವತ್ತ ಮೂರು ವರ್ಷಗಳ ಬಳಿಕ ಇಡೀ ದೇಶದ ಮಟ್ಟದಲ್ಲಿ ಮಾಡಲಾಯಿತು ಎಂದರೆ ತಪ್ಪಾದೀತೇ?

ಸನ್‌ಫ್ಲವರ್ ಕೌಂಟಿಯ ಕೂಲಿಯ ಪಾಡಾದರೂ ಬದಲಾಗಿದೆಯೇ? 2021ರ ಸೆಪ್ಟೆಂಬರಿನಲ್ಲಿ ಇಂಡಿಯನೋಲದ ತೋಟವೊಂದರ ಆರು ಮಂದಿ ಕಪ್ಪು ವರ್ಣೀಯ ಕೂಲಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ದಕ್ಷಿಣ ಆಫ್ರಿಕದಿಂದ ಬಿಳಿಯ ಕೆಲಸಗಾರರನ್ನು ಕರೆಸಿ, ಅದೇ ಕೆಲಸಕ್ಕೆ ತಮಗಿಂತ ಹೆಚ್ಚು ಕೂಲಿ ಕೊಡಲಾಗಿದೆ ಎಂಬುದು ಅವರ ದೂರು. ಮುಂದಿನ ವರ್ಷ ಅದು ರಾಜಿಯಲ್ಲಿ ಮುಗಿಯಿತು.

ಕಡಲಾಚೆಗೂ ಚಾಚಿದ ಕೈ

ಈ ಹಣದ ಪರಿಣಾಮ ಮಿಸಿಸಿಪ್ಪಿಯ ದಡದಲ್ಲಿ ನಿಲ್ಲುವುದಿಲ್ಲ. 2001ರಲ್ಲಿ ಜಾಗತಿಕ ಹತ್ತಿ ಬೆಲೆ ಪೌಂಡಿಗೆ 40 ಸೆಂಟ್‌ನ ಆಸುಪಾಸಿಗೆ ಕುಸಿಯಿತು. ಬೆಲೆ ಕುಸಿದಾಗ ಬೆಳೆ ಕಡಿಮೆಯಾಗುವುದು ಮಾರುಕಟ್ಟೆಯ ನಿಯಮ. ಆದರೆ ಅಮೇರಿಕ ಆ ವರ್ಷ ಎರಡು ಕೋಟಿ ಬೇಲ್‌ಗಳಷ್ಟು ದಾಖಲೆ ಬೆಳೆ ತೆಗೆಯಿತು. ಯಾಕೆಂದರೆ ಅಲ್ಲಿನ ತೋಟದೊಡೆಯರು ಬೆಳೆದದ್ದು ಮಾರುಕಟ್ಟೆಯನ್ನು ನೋಡಿ ಅಲ್ಲ, ಸರಕಾರದ ಚೆಕ್ ನೋಡಿ. ಅವರು ಸುರಿದ ಅಗ್ಗದ ಹತ್ತಿಯ ಕೆಳಗೆ ನಲುಗಿದವರು ಪಶ್ಚಿಮ ಆಫ್ರಿಕದ ಬಡ ರೈತರು. 2003ರ ಜುಲೈಯಲ್ಲಿ ಮಾಲಿ ಮತ್ತು ಬುರ್ಕಿನಾ ಫಾಸೊ ದೇಶಗಳ ಅಧ್ಯಕ್ಷರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಜಂಟಿಯಾಗಿ ಲೇಖನ ಬರೆದು ಅಮೇರಿಕಕ್ಕೆ ಮೊರೆಯಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಕ್ಯಾನ್‌ಕೂನ್‌ನಲ್ಲಿ ನಡೆದ ವಿಶ್ವ ವ್ಯಾಪಾರ ಸಂಘಟನೆಯ ಸಭೆಯಲ್ಲಿ ಬೆನಿನ್ ಮತ್ತು ಚಾಡ್ ಕೂಡ ಅವರ ಜೊತೆಗೂಡಿದವು. ಸಿಕ್ಕಿದ್ದು ಸಾಂತ್ವನ ಮಾತ್ರ.

ಬ್ರೆಝಿಲ್ ಮಾತ್ರ ಪಟ್ಟು ಬಿಡದೆ 2002ರಲ್ಲೇ ದೂರು ಸಲ್ಲಿಸಿ 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಆಗ ಅಮೇರಿಕ ಏನು ಮಾಡಿತು? ಸಬ್ಸಿಡಿಯನ್ನು ಪೂರ್ತಿ ಸರಿಪಡಿಸುವ ಬದಲು, 2010ರ ಒಪ್ಪಂದದ ಪ್ರಕಾರ ಬ್ರೆಝಿಲ್‌ನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14.73 ಕೋಟಿ ಡಾಲರಿನ ಲೆಕ್ಕದಲ್ಲಿ ಹಣ ಕಟ್ಟಿತು. 2014ರಲ್ಲಿ ಕೊನೆಯದಾಗಿ 30 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿತು. ತನ್ನ ತೋಟದೊಡೆಯರನ್ನು ಸಾಕುವ ಹಕ್ಕನ್ನು ಅದು ದುಡ್ಡು ಕೊಟ್ಟು ಖರೀದಿಸಿತು! ಮಾಲಿಯ ರೈತನಿಗೆ ಅಂಥ ಚೆಕ್ ಬರಲಿಲ್ಲ. ಯಾಕೆಂದರೆ ಪ್ರತೀಕಾರದ ಸುಂಕ ಹಾಕುವ ಶಕ್ತಿ ಅವನ ದೇಶಕ್ಕಿರಲಿಲ್ಲ.

ಇದೇ ಅಮೇರಿಕವು 2018ರ ನವೆಂಬರಿನಲ್ಲಿ ಭಾರತವು ಹತ್ತಿಗೆ ಕೊಡುವ ಬೆಂಬಲ ಬೆಲೆ ಮಿತಿ ಮೀರಿದೆ ಎಂದು ವಿಶ್ವ ವ್ಯಾಪಾರ ಸಂಘಟನೆಯಲ್ಲಿ ತಕರಾರು ಎತ್ತಿತು. ಇದಕ್ಕಿಂತ ದೊಡ್ಡ ವ್ಯಂಗ್ಯವಿರಲು ಸಾಧ್ಯವೇ? 2025ರ ಆಗಸ್ಟಿನಲ್ಲಿ ಅಮೇರಿಕ ನಮ್ಮ ಸರಕುಗಳ ಮೇಲೆ ಶೇ. 50ರ ಸುಂಕ ಹೇರಿದಾಗ, ಅದೇ ತಿಂಗಳು ನಮ್ಮ ಕೇಂದ್ರ ಸರಕಾರವು ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ತೆಗೆದುಹಾಕಿ, ಆ ರಿಯಾಯಿತಿಯನ್ನು ವರ್ಷಾಂತ್ಯದ ವರೆಗೂ ವಿಸ್ತರಿಸಿತು. ಅದು ರಾಯಚೂರು, ಯಾದಗಿರಿ, ಹಾವೇರಿಗಳ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. 2025-26ಕ್ಕೆ ನಮ್ಮ ಸರಕಾರ ಘೋಷಿಸಿದ್ದ ಬೆಂಬಲ ಬೆಲೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ 7,710 ರೂಪಾಯಿ, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ. ಒಂದು ಕೈಯಲ್ಲಿ ಬೆಂಬಲ ಬೆಲೆಯ ಘೋಷಣೆ, ಇನ್ನೊಂದು ಕೈಯಲ್ಲಿ ಅಗ್ಗದ ಹತ್ತಿಗೆ ತೆರೆದ ಬಾಗಿಲು. ರಾಯಚೂರಿನ ರೈತ ಸ್ಪರ್ಧಿಸಬೇಕಾದುದು ಮಿಸಿಸಿಪ್ಪಿಯ ರೈತನೊಂದಿಗಲ್ಲ, ಅಮೇರಿಕದ ಖಜಾನೆಯೊಂದಿಗೆ.

ಹಾಗಾದರೆ ಸಬ್ಸಿಡಿಯೇ ಬೇಡವೇ?

ಈ ಕಥೆಯನ್ನು ಮುಂದಿಟ್ಟುಕೊಂಡು, ನೋಡಿ, ಸಬ್ಸಿಡಿಯೆಂದರೆ ಕೆಡುಕು, ನಿಮ್ಮ ಬೆಂಬಲ ಬೆಲೆಯನ್ನೂ ನಿಲ್ಲಿಸಿ ಎನ್ನುವ ಆರ್ಥಿಕ ಪಂಡಿತರಿಗೆ ಕೊರತೆಯಿಲ್ಲ. ಅವರ ವಾದ ಅರ್ಧ ಸತ್ಯ, ಆದ್ದರಿಂದಲೇ ಪೂರ್ಣ ಸುಳ್ಳಿಗಿಂತ ಅಪಾಯಕಾರಿ. ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿ ಬದುಕುವವನಿಗೆ ಸರಕಾರದ ಆಸರೆ ಬೇಕೇ ಬೇಕು. 1933ರಲ್ಲಿ ಬೆಲೆ ಕುಸಿದಾಗ ಮಧ್ಯ ಪ್ರವೇಶಿಸಿದ್ದು ಅಮೇರಿಕ ಸರಕಾರದ ತಪ್ಪಲ್ಲ. ನೆರವನ್ನು ದುಡಿಮೆಗೆ ಜೋಡಿಸದೆ ಒಡೆತನಕ್ಕೆ ಜೋಡಿಸಿದ್ದು ಅದರ ತಪ್ಪು. ಅದನ್ನು ಹಂಚುವ ಅಧಿಕಾರವನ್ನು ಬಲಾಢ್ಯರ ಸಮಿತಿಗೆ ಕೊಟ್ಟದ್ದು ಎರಡನೆಯ ತಪ್ಪು. ಹೊರದಬ್ಬಲ್ಪಟ್ಟವನ ದೂರು ಕೇಳಿದ ಅಧಿಕಾರಿಗಳನ್ನೇ ಕಿತ್ತೊಗೆದದ್ದು ಮೂರನೆಯದು. ಮೊದಲ ತಪ್ಪು ಅನ್ಯಾಯವನ್ನು ಹುಟ್ಟಿಸಿತು, ಉಳಿದೆರಡು ಅದನ್ನು ಶಾಶ್ವತಗೊಳಿಸಿದವು.

ಈ ಕನ್ನಡಿಯಲ್ಲಿ ನಮ್ಮ ಮುಖವನ್ನೂ ನೋಡಿಕೊಳ್ಳಬೇಕಾಗಿದೆ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ವರ್ಷಕ್ಕೆ 6,000 ರೂಪಾಯಿ ಸಿಗುವುದು ಭೂಮಿಯ ದಾಖಲೆಯಲ್ಲಿ ಹೆಸರಿರುವ ಕುಟುಂಬಕ್ಕೆ. ಗೇಣಿಗೆ, ಕೋರಿಗೆ ಹೊಲ ಮಾಡುವವನಿಗೆ ಅದರಲ್ಲಿ ಜಾಗವಿಲ್ಲ. ಖರೀದಿ ಕೇಂದ್ರದ ನೋಂದಣಿಗೂ ಪಹಣಿ ಬೇಕು. 1974ರ ಭೂಸುಧಾರಣೆ ಲಕ್ಷಾಂತರ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿದ ಹೆಮ್ಮೆ ಕರ್ನಾಟಕಕ್ಕಿದೆ. ಆದರೆ ಗೇಣಿಯನ್ನು ಕಾನೂನು ಅಳಿಸಿದರೂ ಬಡತನ ಅದನ್ನು ಮರಳಿ ತಂದಿದೆ. ಇಂದಿನ ಗೇಣಿ ಬಾಯಿಮಾತಿನದು. ಕಾಗದವಿಲ್ಲದ ಆ ರೈತ ಬೆಳೆ ಹಾಳಾದಾಗ ಪರಿಹಾರದ ಪಟ್ಟಿಯಲ್ಲಿರುವುದಿಲ್ಲ, ಸಾಲಕ್ಕೆ ಹೆದರಿ ಪ್ರಾಣ ಬಿಟ್ಟಾಗ ರೈತನೆಂದು ಸಾಬೀತು ಮಾಡಲು ಅವನ ವಿಧವೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಹೊಲದಲ್ಲಿ ಹೆಚ್ಚು ದುಡಿಯುವ ಹೆಣ್ಣಿನ ಹೆಸರಂತೂ ಹೆಚ್ಚಿನ ಪಹಣಿಗಳಲ್ಲಿ ಇಲ್ಲವೇ ಇಲ್ಲ.

ಆದ್ದರಿಂದ ಬೆಂಬಲ ಬೆಲೆ ಹೆಚ್ಚಿಸಿ ಎಂಬ ಬೇಡಿಕೆಯ ಜೊತೆಗೇ ಇನ್ನೊಂದು ಬೇಡಿಕೆಯೂ ಎದ್ದು ನಿಲ್ಲಬೇಕು: ಉಳುವವನನ್ನು ಮೊದಲು ದಾಖಲಿಸಿ. ಭೂಮಿಯ ಒಡೆತನಕ್ಕೆ ಧಕ್ಕೆಯಾಗದಂತೆ, ಈ ಹಂಗಾಮಿನಲ್ಲಿ ಈ ಹೊಲ ಮಾಡಿದವರು ಯಾರು ಎಂಬುದನ್ನು ಗ್ರಾಮ ಸಭೆಯಲ್ಲಿ ಬಹಿರಂಗವಾಗಿ ಬರೆದಿಡಿ. ಸಹಾಯ ಅವರ ಕೈಗೆ ಸೇರಲಿ. ಒಂದು ಕುಟುಂಬಕ್ಕೆ ಸಿಗುವ ಹಣಕ್ಕೆ ನಿಜವಾದ ಮಿತಿಯಿರಲಿ. ಪಡೆದವರ ಪಟ್ಟಿ ಪಂಚಾಯತಿನ ಗೋಡೆಯಲ್ಲಿರಲಿ. ಭೂಮಿಯಿಲ್ಲದ ಕೂಲಿಯ ಪಡಿತರಕ್ಕೆ ಕತ್ತರಿ ಹಾಕಿ ರೈತನ ಹೆಸರಿನಲ್ಲಿ ಹಣ ಹಂಚುವ ಮೋಸ ಇಲ್ಲಿ ನಡೆಯದಿರಲಿ.

ಸನ್‌ಫ್ಲವರ್ ಎಂದರೆ ಸೂರ್ಯಕಾಂತಿ. ಬೆಳಕು ಇರುವ ಕಡೆಗೆ ಮುಖ ತಿರುಗಿಸುವ ಹೂವು ಎಂದು ಅದನ್ನು ಹೊಗಳುತ್ತೇವೆ. ಆ ಹೆಸರಿನ ಕೌಂಟಿಯಲ್ಲಿ ಖಜಾನೆಯ ಬೆಳಕು ತೊಂಬತ್ತು ವರ್ಷಗಳಿಂದಲೂ ಒಡೆಯನ ಮನೆಯ ಕಡೆಗೇ ಮುಖ ಮಾಡಿದೆ. ನಮ್ಮ ಖಜಾನೆಯ ಮುಖ ಎತ್ತ ತಿರುಗಿದೆ ಎಂದು ಕೇಳುವ ಧೈರ್ಯ ನಮಗಿದೆಯೇ? ಕೇಳದಿದ್ದರೆ ಹೇಮರ್‌ರ ಮನೆಯ ಆ ರಾತ್ರಿ ನಮ್ಮ ಹಳ್ಳಿಗಳಲ್ಲೂ ಮರುಕಳಿಸುತ್ತಿರುತ್ತದೆ. ವ್ಯತ್ಯಾಸವಿಷ್ಟೇ, ಇಲ್ಲಿ ಹೊರದಬ್ಬಲ್ಪಟ್ಟವನ ಹೆಸರೂ ಯಾವ ದಾಖಲೆಯಲ್ಲಿ ಇರಲಾರದು.